ಒಂದನೇ ಕ್ಲಾಸಿನ ಓದಿಗೂ ಹದ ಬೇಕು

ಮೃಗಶಿರ ಮಳೆ ಬಿತ್ತೆಂದರೆ ನಮ್ಮ ಗಡಿ ಭಾಗದಲ್ಲಿ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಹೊಲದಾಗ ಉದ್ದು, ಹೆಸರು, ಸೋಯಾ, ತೊಗರಿ ಬಿತ್ತನೆ. ಊರಾಗ ಸಾಲಿ ಗಂಟೆ. ಬೀಜಕ್ಕೆ ಜಹೀರಾಬಾದಿಗೆ ಹೋಗಬೇಕೋ ಬೀದರಿಗೆ ಹೋಗಬೇಕೋ ಎಂದು ನಾವು ಎಂಟು ದಿನ ಚರ್ಚೆ ಮಾಡುತ್ತೇವೆ. ಯಾವ ತಳಿ, ಮೊಳಕೆ ಎಷ್ಟು, ಹೋದ ವರ್ಷ ಯಾರಿಗೆ ಹೇಗೆ ಬಂತು ಎಂದು ನಾಲ್ಕು ಮಂದಿಯನ್ನು ಕೇಳುತ್ತೇವೆ. ಅದೇ ವಾರ ಒಂದನೇ ಕ್ಲಾಸಿಗೆ ಹೆಸರು ಹಚ್ಚಿದ ಕೂಸಿನ ವಿಷಯದಲ್ಲಿ ಮಾತ್ರ ನಮ್ಮ ಚರ್ಚೆ ಚೀಲ, ಪಾಟಿ, ಬಟ್ಟೆ ಇಷ್ಟಕ್ಕೇ ಮುಗಿಯುತ್ತದೆ. "ಸಾಲಿಗಿ ಹಾಕೀವಿ, ಇನ್ನ ಮಾಸ್ತರ್ ನೋಡ್ಕೋತಾರ" ಎಂದು ಕೈ ತೊಳೆದುಕೊಳ್ಳುತ್ತೇವೆ. ಈ ಮಾತಿನ ಬಗ್ಗೆಯೇ ಇಂದು ಓದುಗ ಬಂಧುಗಳೊಡನೆ ನಾಲ್ಕು ಮಾತಾಡಬೇಕಾಗಿದೆ. ನಾನು ಶಿಕ್ಷಣ ತಜ್ಞನಲ್ಲ. ಎಸ್ಸೆಸ್ಸೆಲ್ಸಿ ಓದಿ ಒಕ್ಕಲುತನಕ್ಕೆ ನಿಂತವನು. ತೆಲುಗು, ಕನ್ನಡ ಎರಡರಲ್ಲೂ ನಾಲ್ಕು ಪದ್ಯ ಬರೆದವನು. ಎರಡು ಭಾಷೆಯ ಮನೆಯಲ್ಲಿ ಅಕ್ಷರ ಹೇಗೆ ಬೇರೂರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ಮೊದಲು ನಮ್ಮ ನೆಲದ ಲೆಕ್ಕ ನೋಡೋಣ. ಈಗ ತೆಲಂಗಾಣದಲ್ಲಿರುವ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು, ಕೊಡಂಗಲ್ ತಾಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಆ ವರ್ಷ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್, ನಾರಾಯಣಖೇಡ, ತಾಂಡೂರು ಎಲ್ಲಾ ಆಂಧ್ರಕ್ಕೆ ಸೇರಿದವು. 2014ರಲ್ಲಿ ತೆಲಂಗಾಣವಾಯಿತು. 2016ರಲ್ಲಿ ಜಿಲ್ಲೆಗಳು ಮತ್ತೆ ಬದಲಾಗಿ ಮೊದಲಿನ ಎರಡು ಊರು ಸಂಗಾರೆಡ್ಡಿಗೆ, ತಾಂಡೂರು ವಿಕಾರಾಬಾದಿಗೆ ಬಂದವು. ಗೆರೆ ಸರಿದಾಡಿತು, ಬೀಗತನ ಸರಿಯಲಿಲ್ಲ. ಇಂದಿಗೂ ಗಡಿಗೆ ಹತ್ತಿದ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ತಾಂಡಾದಲ್ಲಿ ಲಂಬಾಣಿ, ನಾರಾಯಣಖೇಡದ ಆಚೆ ಮರಾಠಿ ನಡೆಯುತ್ತವೆ.

ದೊಡ್ಡವರಿಗೆ ಇದು ಅನುಕೂಲ. ನಾಲ್ಕು ಭಾಷೆ ಬಂದವನಿಗೆ ನಾಲ್ಕು ಪೇಟೆಯಲ್ಲಿ ಸೌದಾ ಕುದುರುತ್ತದೆ. ಆದರೆ ಆರು ವರ್ಷದ ಕೂಸಿನ ಪಾಡು ಬೇರೆ. ಮನೆಯಲ್ಲಿ "ಹಾಲು ಕುಡಿ" ಎಂದು ಕೇಳಿದ ಕೂಸು ಶಾಲೆಗೆ ಹೋದರೆ ಪುಸ್ತಕದಲ್ಲಿ "ಪಾಲು" ಇರುತ್ತದೆ. 2018ರ ಕಾಯ್ದೆಯಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. 2022-23ರಿಂದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮ ಬಂದು, ಒಂದು ಪುಟ ತೆಲುಗು, ಎದುರಿನ ಪುಟ ಇಂಗ್ಲಿಷ್ ಇರುವ ಪಠ್ಯಪುಸ್ತಕಗಳು ಬಂದಿವೆ. ತೆಲುಗು ಮನೆಮಾತಿನ ಮಗುವಿಗೆ ಇದು ಎರಡು ಭಾಷೆ. ನಮ್ಮ ಮಗುವಿಗೆ ಮನೆಯದೂ ಸೇರಿ ಮೂರು. ತೆಲುಗು ಕಲಿಯುವುದಕ್ಕೆ ನನ್ನ ತಕರಾರು ಇಲ್ಲ, ಅದು ನನ್ನ ಇನ್ನೊಂದು ಭಾಷೆ. ಮೂರು ಭಾಷೆಯ ಭಾರವನ್ನು ಒಂದೇ ವರ್ಷ ಎಳೆಯ ಹೆಗಲಿಗೆ ಹಾಕುವಾಗ ಮನೆಯವರ ಕೈ ಅದರ ಕೆಳಗೆ ಇರಬೇಕು ಎಂಬುದಷ್ಟೇ ನನ್ನ ಮಾತು.

ಕೈ ಇಲ್ಲದಿದ್ದರೆ ಏನಾಗುತ್ತದೆ? ಮಗು ಪಾಸಾಗುತ್ತಾ ಹೋಗುತ್ತದೆ, ಓದು ಬರುವುದಿಲ್ಲ. ಒಂದು ಊರಲ್ಲಿ ಮೂರನೇ ಕ್ಲಾಸಿನ ಹುಡುಗನೊಬ್ಬ ನನ್ನ ಮುಂದೆ ಪಾಠ ಪೂರಾ ಗಡಗಡ ಹೇಳಿದ. ಮನೆಯವರಿಗೆ ಬಲು ಹಿಗ್ಗು: "ಛಲೋ ಓದ್ಲತ್ತಾನ ನೋಡ್ರಿ." ನಾನು ಅದೇ ಪುಟದ ನಡುವಿನ ಒಂದು ಶಬ್ದದ ಮೇಲೆ ಬೆರಳಿಟ್ಟೆ. ಹುಡುಗ ನನ್ನ ಮುಖ ನೋಡಿದ, ಅವ್ವನ ಮುಖ ನೋಡಿದ, ಮತ್ತೆ ಮೊದಲನೆಯ ಸಾಲಿನಿಂದ ಬಾಯಿಪಾಠ ಶುರು ಮಾಡಿದ. ಅವನಿಗೆ ಬರುತ್ತಿದ್ದದ್ದು ಪಾಠದ ರಾಗ, ಅಕ್ಷರವಲ್ಲ. ಇದು ಒಬ್ಬ ಹುಡುಗನ ಕತೆಯೂ ಅಲ್ಲ, ಒಂದು ಶಾಲೆಯ ದೋಷವೂ ಅಲ್ಲ. ಪ್ರಥಮ್ ಸಂಸ್ಥೆ ನಡೆಸುವ 'ಅಸರ್' ಸಮೀಕ್ಷೆಯಂತೆ ದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಮೂರನೇ ತರಗತಿಯ 100 ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2022ರಲ್ಲಿ 16.3, 2024ರಲ್ಲಿ 23.4. ಏರಿದೆ, ಸಂತೋಷ. ಆದರೂ ಉಳಿದ 76 ಮಕ್ಕಳು ಯಾರ ಮನೆಯವರು? ನಮ್ಮವರೇ. ನಾಳೆ ಇವರು ಅಡತಿ ಅಂಗಡಿಯ ಪಟ್ಟಿ ಹಿಡಿದು "ಇದರಾಗ ಏನ್ ಬರೆದಾರ ನೋಡ್ರಿ" ಎಂದು ಇನ್ನೊಬ್ಬರ ಮುಂದೆ ನಿಲ್ಲುತ್ತಾರೆ. ತೂಕದಲ್ಲಿ, ಹಮಾಲಿಯಲ್ಲಿ, ಬ್ಯಾಂಕಿನ ಕಾಗದದಲ್ಲಿ ಎಲ್ಲಿ ಎಷ್ಟು ಕಳೆಯಿತು ಎಂಬುದು ಅವರಿಗೆ ತಿಳಿಯುವುದೇ ಇಲ್ಲ.

ಓದು ಎಂದರೆ ಏನು ಎಂಬುದನ್ನು ಒಕ್ಕಲಿಗನ ಭಾಷೆಯಲ್ಲಿ ಹೇಳುತ್ತೇನೆ. ಕೂಸಿಗೆ ಶಬ್ದ ಮೊದಲೇ ಗೊತ್ತಿರಬೇಕು, ಅಕ್ಷರ ಅದರ ಮೇಲೆ ಕೂರಬೇಕು. ಗೊತ್ತಿಲ್ಲದ ಶಬ್ದವನ್ನು ಗೊತ್ತಿಲ್ಲದ ಅಕ್ಷರದಲ್ಲಿ ಬರೆದುಕೊಟ್ಟರೆ ಅದು ಒಣ ನೆಲದಲ್ಲಿ ಬಿತ್ತಿದ ಬೀಜ. ಹದ ಎಂದರೆ ಮಾತು. ಕೂಸು ಎಷ್ಟು ಮಾತು ಕೇಳಿದೆ, ಎಷ್ಟು ಕತೆ ಕೇಳಿದೆ, ಎಷ್ಟು ಪ್ರಶ್ನೆ ಕೇಳಿ ಉತ್ತರ ಪಡೆದಿದೆ ಎಂಬುದರ ಮೇಲೆ ಅದರ ಓದು ನಿಂತಿದೆ. ಆದ್ದರಿಂದ "ಮನ್ಯಾಗ ಕನ್ನಡ ಮಾತಾಡಿದ್ರ ಸಾಲ್ಯಾಗ ತೆಲುಗು ಬರಲ್ದು" ಎಂದು ಹೇಳುವವರ ಮಾತು ಕೇಳಬೇಡಿರಿ. ಅಜ್ಜಿಯ ಕನ್ನಡ ಕತೆಯಲ್ಲಿ ನರಿ ಮೋಸ ಮಾಡಿದ್ದನ್ನು ತಿಳಿದ ಕೂಸಿಗೆ ತೆಲುಗು ಪುಸ್ತಕದ ನಕ್ಕನ ಮೋಸ ಬೇಗ ತಿಳಿಯುತ್ತದೆ. ಕತೆ ಹಿಡಿಯುವ ಬುದ್ಧಿ ಒಂದೇ. ಹೆಸರು ಮಾತ್ರ ಬದಲು.

ನಮ್ಮ ಎರಡು ಭಾಷೆಯ ಸಂಬಂಧವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಾಲು ತೆಲುಗಿನಲ್ಲಿ ಪಾಲು. ಹುಲಿ ಪುಲಿ, ಹಂದಿ ಪಂದಿ, ಹಗಲು ಪಗಲು, ಹಲ್ಲು ಪಲ್ಲು, ಹಾವು ಪಾಮು, ಹಣ್ಣು ಪಂಡು, ಹೊಲ ಪೊಲಂ. ಕನ್ನಡದಲ್ಲೂ ಹಿಂದೆ ಪಕಾರವೇ ಇತ್ತು. ಅದು ಹಕಾರವಾಯಿತು, ತೆಲುಗು ಹಳೆಯದನ್ನು ಉಳಿಸಿಕೊಂಡಿತು. ಇದನ್ನು ಕೂಸಿನೊಡನೆ ಆಟದಂತೆ ಆಡಿರಿ. ನೀವು "ಹುಲಿ" ಅನ್ನಿರಿ, ಅದು "ಪುಲಿ" ಅನ್ನಲಿ. ನಾಲ್ಕು ದಿನದಲ್ಲಿ ತಾನೇ ಹೊಸ ಜೋಡಿ ಹುಡುಕಿ ತರುತ್ತದೆ. ಲಿಪಿಯೂ ಅಷ್ಟೇ. ಎರಡೂ ಒಂದೇ ಬೇರಿನಿಂದ ಒಡೆದ ಕವಲು. ಬ, ಲ ಹೆಚ್ಚುಕಡಿಮೆ ಒಂದೇ. ಗ, ದ, ರ ತಲೆಕಟ್ಟಿನಲ್ಲಿ ಮಾತ್ರ ಬೇರೆ. ಕ, ತ ಇವನ್ನು ಬೇರೆಯಾಗಿಯೇ ಕಲಿಯಬೇಕು. ಹಾಗೆಂದು ಎರಡೂ ಲಿಪಿಯನ್ನು ಒಂದೇ ತಿಂಗಳು ತಲೆಗೆ ತುರುಕಬೇಡಿ. ಶಾಲೆಯಲ್ಲಿ ಯಾವುದು ನಡೆಯುತ್ತದೋ ಅದು ಮೊದಲು ಗಟ್ಟಿಯಾಗಲಿ. ಕಾಗುಣಿತ ಹಿಡಿತಕ್ಕೆ ಬಂದ ಮೇಲೆ ಇನ್ನೊಂದು ಬಲು ಸಲೀಸು. ಕನ್ನಡ ಅಕ್ಷರ ಸ್ವಲ್ಪ ತಡವಾಗಿ ಬಂದರೆ ನಷ್ಟವಿಲ್ಲ, ಕನ್ನಡ ಕತೆ ಮಾತ್ರ ತಡವಾಗಬಾರದು.

ಯಾವ ಅಕ್ಷರದಿಂದ ಶುರು ಮಾಡಬೇಕು ಎಂಬುದಕ್ಕೂ ಅನುಭವದ ದಾರಿ ಇದೆ. ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯವರು ಸುತ್ತಲಿನ ಹಳ್ಳಿಗಳ ಚಿಕ್ಕ ಶಾಲೆಗಳಿಗಾಗಿ ಕಾರ್ಡುಗಳ ಮೂಲಕ ಕಲಿಸುವ ಕ್ರಮ ಕಟ್ಟಿದ್ದರು. ಅದನ್ನು ನೋಡಿಬಂದ ನಮ್ಮ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನ ಕೋಟೆ ತಾಲೂಕಿನಲ್ಲಿ 'ನಲಿ-ಕಲಿ' ಶುರು ಮಾಡಿದರು. 2009ರಿಂದ ಅದು ಕರ್ನಾಟಕದ ತುಂಬ ಹಬ್ಬಿತು. ತೆಲುಗು ನೆಲದಲ್ಲಿ ಮೊಳೆತದ್ದು ಕನ್ನಡಕ್ಕೆ ಬಂದು ಬೆಳೆಯಿತು. ಅಲ್ಲಿ ಮೊದಲ ದಿನವೇ ಅ ಆ ಇ ಈ ಎಂದು ಇಡೀ ಮಾಲೆ ಹೇಳಿಸುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರ ಮೊದಲು. ಐದು ಕಲಿತೊಡನೆ ಸರ, ಅರಸ, ಅಗಸ, ಗರಗಸ ಎಂದು ಕೂಸು ಶಬ್ದವನ್ನೇ ಓದುತ್ತದೆ. ನಮ್ಮ ವ್ಯಾಪಾರಸ್ಥರಿಗೆ ಪ್ರಿಯವಾದ 'ದರ' ಕೂಡ ಅದರಲ್ಲೇ ಬಂತು! ಐವತ್ತು ಅಕ್ಷರ ಮುಗಿಯುವತನಕ ಕಾಯದೆ, ಐದು ಅಕ್ಷರಕ್ಕೇ ಓದಿನ ಹಣ್ಣು ಕೈಗೆ ಸಿಗುತ್ತದೆ. ಹಣ್ಣು ಸಿಕ್ಕ ಗಿಡಕ್ಕೆ ಕೂಸು ತಾನಾಗಿ ಮತ್ತೆ ಬರುತ್ತದೆ. ರೂಢಿ ಹುಟ್ಟುವುದು ಹೀಗೆ.

ಇನ್ನು ಮನೆಯ ಕೆಲಸ. ನಾನು ಕೇಳುವುದು ದಿನಕ್ಕೆ ಹದಿನೈದು ನಿಮಿಷ. ರಾತ್ರಿ ಊಟ ಆದ ಮೇಲೆ ಟಿ.ವಿ. ಬಂದ್, ಮೊಬೈಲ್ ಗೂಟದ ಮ್ಯಾಲೆ. ಕೂಸು ಮಗ್ಗುಲಲ್ಲಿ ಅಥವಾ ಉಡಿಯಲ್ಲಿ ಕೂರಲಿ. ಚಿತ್ರ ಇರುವ ಒಂದು ಪುಸ್ತಕ ತೆರೆಯಿರಿ. ನಿಮಗೆ ಓದು ಬಂದರೆ ಬೆರಳು ಸಾಲಿನ ಕೆಳಗೆ ಸರಿಸುತ್ತಾ ನಿಧಾನ ಓದಿರಿ. ನಡುವೆ ನಿಲ್ಲಿಸಿ "ಮುಂದ ಏನಾಗ್ತದ ಹೇಳು" ಎನ್ನಿರಿ. ಓದಿ ಮುಗಿದ ಮೇಲೆ ಕತೆಯನ್ನು ಕೂಸೇ ತಿರುಗಿ ಹೇಳಲಿ. ಕನ್ನಡದಲ್ಲಿ ಹೇಳಲಿ, ತೆಲುಗಿನಲ್ಲಿ ಹೇಳಲಿ, ಎರಡೂ ಕಲಸಿ ಹೇಳಲಿ, ತಡೆಯಬೇಡಿ. ಅದೇ ಪುಸ್ತಕ ಮತ್ತೆ ಬೇಕು ಅಂದರೆ ಮತ್ತೆ ಓದಿರಿ. ಹತ್ತು ಸಲ ಕೇಳಿದ ಕತೆಯಲ್ಲೇ ಅಕ್ಷರ ಕಣ್ಣಿಗೆ ಹತ್ತುತ್ತದೆ. ಕೂಸು ತಾನು ಓದುವಾಗ ಒಂದು ಶಬ್ದಕ್ಕೆ ತಡವರಿಸಿದರೆ ಮನಸ್ಸಿನಲ್ಲೇ ಐದು ಎಣಿಸಿರಿ. ಆಮೇಲೂ ಬರದಿದ್ದರೆ ನೀವೇ ಹೇಳಿ ಮುಂದೆ ಸಾಗಿರಿ. ಪ್ರತಿ ತಪ್ಪಿಗೂ ತಲೆಗೆ ಕುಟ್ಟಿದರೆ ಕೂಸು ಕಲಿಯುವುದು ಒಂದೇ: ಪುಸ್ತಕ ಅಂದರೆ ಏಟು.

ಇಲ್ಲಿ ಒಂದು ಮಾತು. ತೆಲುಗಿನಲ್ಲಿ 'ಬಡಿ' ಅಂದರೆ ಶಾಲೆ, ಕನ್ನಡದಲ್ಲಿ 'ಬಡಿ' ಅಂದರೆ ಹೊಡೆ. ನಮ್ಮ ಎಷ್ಟೋ ಮನೆಗಳಲ್ಲಿ, ಶಾಲೆಗಳಲ್ಲಿ ಈ ಎರಡು ಅರ್ಥ ಒಂದಾಗಿಬಿಟ್ಟಿವೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ಹೊಡೆಯುವುದನ್ನೂ ಮನಸ್ಸಿಗೆ ನೋವಾಗುವಂತೆ ಹಿಂಸಿಸುವುದನ್ನೂ ನಿಷೇಧಿಸಿದೆ. "ಎರಡು ಬಿಗೀರಿ ಮಾಸ್ತರ್, ನಾವೇನ್ ಕೇಳಲ್ಲ" ಎಂದು ನಾವೇ ಹೋಗಿ ಹೇಳಿಬರುವುದನ್ನು ಮೊದಲು ನಿಲ್ಲಿಸೋಣ.

"ನಮಗೇ ಅಕ್ಷರ ಬರಲ್ದು, ಕೂಸಿಗಿ ಏನ್ ಓದಿಸಮು?" ಎಂದು ಕೇಳುವ ತಾಯಂದಿರು ಬಹಳ. ಅವರಿಗೆ ನಾನು ಜಹೀರಾಬಾದ್ ಕಡೆಯ ಮಾಚನೂರಿನ ಮಾತು ಹೇಳುತ್ತೇನೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಣ್ಣುಮಕ್ಕಳು, ಹೊಲದಲ್ಲಿ ದುಡಿಯುವ ದಲಿತ ಮಹಿಳೆಯರು, 2008ರಲ್ಲಿ ಅಲ್ಲಿ 'ಸಂಗಂ ರೇಡಿಯೊ' ಶುರು ಮಾಡಿದರು. ಬೀಜದ ಮಾತು, ಅಡುಗೆಯ ಮಾತು, ಹಬ್ಬದ ಹಾಡು ಎಲ್ಲಾ ಅದರಲ್ಲಿ ಬಂದವು. ಆ ಸಂಘಗಳಲ್ಲಿ ಶಾಲೆಯ ಮುಖ ನೋಡದವರೇ ಹೆಚ್ಚು. ಅಕ್ಷರ ಇಲ್ಲದವರಿಗೆ ಜ್ಞಾನ ಇಲ್ಲ ಎಂಬ ಮಾತು ಅಲ್ಲಿ ಸುಳ್ಳಾಯಿತು. ಹಾಗೆಯೇ ಓದು ಬಾರದ ತಾಯಿಯೂ ಕೂಸಿನ ಓದಿಗೆ ನೀರೆರೆಯಬಲ್ಲಳು. ಚಿತ್ರ ತೋರಿಸಿ "ಇದೇನು, ಇವ ಯಾಕ ಅಳ್ಲತ್ತಾನ" ಎಂದು ಕೇಳಬಲ್ಲಳು. ಒಡಪು ಹೇಳಬಲ್ಲಳು, ಜೋಗುಳ ಹಾಡಬಲ್ಲಳು. ಕೂಸು ಓದುವಾಗ ಬದಿಗೆ ಕೂತು ಕೇಳಬಲ್ಲಳು. ತನ್ನ ಓದನ್ನು ಅವ್ವ ಕಿವಿಗೊಟ್ಟು ಕೇಳುತ್ತಾಳೆ ಎಂದಾದರೆ ಕೂಸಿಗೆ ಓದಲು ಒಂದು ಕಾರಣ ಸಿಕ್ಕಿತು.

ಪುಸ್ತಕ ಎಲ್ಲಿಂದ ತರೋದು ಎಂಬುದು ಮುಂದಿನ ಪ್ರಶ್ನೆ. ಮೊದಲು ಮನೆಯಲ್ಲಿರುವ ಅಕ್ಷರ ನೋಡಿರಿ. ಗೋಡೆಯ ಕ್ಯಾಲೆಂಡರ್, ಮದುವೆಯ ಕಾಗದ, ಬೀಜದ ಚೀಲ, ಬಸ್ಸಿನ ಬೋರ್ಡು, ಅಂಗಡಿಯ ಹೆಸರು. ಔಷಧ ಹೊಡೆದ ಡಬ್ಬಿ, ಚೀಲ ಮಾತ್ರ ಕೂಸಿನ ಕೈಗೆ ಹೋಗಬಾರದು. ಆಮೇಲೆ ಚಿತ್ರಪುಸ್ತಕ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಮತ್ತು ದಿಲ್ಲಿಯ ನ್ಯಾಷನಲ್ ಬುಕ್ ಟ್ರಸ್ಟ್ ಕಡಿಮೆ ಬೆಲೆಗೆ ಮಕ್ಕಳ ಪುಸ್ತಕ ಕನ್ನಡದಲ್ಲೂ ತೆಲುಗಿನಲ್ಲೂ ತಂದಿವೆ. ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್' ಎಂಬ ಜಾಲತಾಣ 2015ರಿಂದ ಇದೆ. ಅಲ್ಲಿ ಎಷ್ಟೋ ಕತೆಗಳು ಎರಡೂ ಭಾಷೆಯಲ್ಲಿ ಪುಕ್ಕಟೆ ಸಿಗುತ್ತವೆ. ಅದೇ ಚಿತ್ರ, ಅದೇ ಕತೆ, ಎರಡು ಲಿಪಿ. ನಮ್ಮ ಗಡಿಯ ಮನೆಗೆ ಇದಕ್ಕಿಂತ ಒಪ್ಪುವ ಪುಸ್ತಕ ಇಲ್ಲ. ಮೊಬೈಲಿನಲ್ಲಿ ಹಾಡು-ಕುಣಿತದ ವಿಡಿಯೊ ಹಚ್ಚಿ ಕೂಸಿನ ಕೈಗೆ ಕೊಟ್ಟುಬಿಡುವ ಬದಲು, ಅದೇ ಮೊಬೈಲಿನಲ್ಲಿ ಒಂದು ಕತೆ ತೆಗೆದು ಜೊತೆಗೆ ಕೂತು ಓದಿರಿ. ಮೊಬೈಲ್ ಕೆಟ್ಟದ್ದಲ್ಲ, ಕೂಸನ್ನು ಒಂಟಿ ಬಿಡುವುದು ಕೆಟ್ಟದ್ದು.

ಶಾಲೆಗೂ ನಾವು ಹೋಗಬೇಕು. ಜಗಳಕ್ಕಲ್ಲ, ಕೇಳುವುದಕ್ಕೆ. ಕೇಂದ್ರದ 'ನಿಪುಣ್ ಭಾರತ್' ಯೋಜನೆ 2021ರ ಜುಲೈನಲ್ಲಿ ಶುರುವಾಯಿತು. 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಲೆಕ್ಕ ಬರಬೇಕು ಎಂಬುದು ಅದರ ಗುರಿ. ಒಂದನೇ ತರಗತಿ ಮುಗಿಯುವಾಗ ನಾಲ್ಕೈದು ಸರಳ ಶಬ್ದಗಳ ಹೊಸ ವಾಕ್ಯವನ್ನು ಮಗು ಓದಬೇಕು ಎಂದು ಅದರಲ್ಲಿದೆ. ತೆಲಂಗಾಣದಲ್ಲಿ 2022ರ ಆಗಸ್ಟ್ 15ರಂದು ಇದೇ ಉದ್ದೇಶದ 'ತೊಲಿಮೆಟ್ಟು' ಆರಂಭವಾಯಿತು. ಮೊದಲ ಮೆಟ್ಟಿಲು ಎಂದು ಅದರ ಅರ್ಥ. ಈ ಗುರಿ ಕಾಗದದಲ್ಲಿದೆ; ಅಳೆಯುವ ಕೋಲು ನಮ್ಮ ಕೈಯಲ್ಲೂ ಇರಲಿ. ಮೂರು ಹಬ್ಬ ನೆನಪಿಡಿರಿ. ದಸರಾಕ್ಕೆ ಕೂಸು ಎರಡಕ್ಷರ, ಮೂರಕ್ಷರದ ಶಬ್ದ ಓದುತ್ತದೆಯೇ? ಸಂಕ್ರಾಂತಿಗೆ ಕಾಗುಣಿತ ಇರುವ ಶಬ್ದ? ಯುಗಾದಿಗೆ ಹಿಂದೆ ನೋಡದ ಒಂದು ಚಿಕ್ಕ ವಾಕ್ಯ? ಪಾಠದ ಪುಸ್ತಕದಿಂದ ಓದಿಸಬೇಡಿ, ಅದು ಬಾಯಿಪಾಠ ಇರಬಹುದು. ಬೇರೆ ಕಾಗದದ ಮೇಲೆ ನೀವೇ ಬರೆದು ಓದಿಸಿರಿ. ಬರದಿದ್ದರೆ ಅದೇ ವಾರ ಗುರುಗಳನ್ನು ಕಾಣಿರಿ. ಶಾಲೆಯ ಕತೆ ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಕೊಂಡಿದ್ದರೆ "ಹರಿದ್ರ ನಾವು ಅಂಟಿಸಿ ಕೊಡ್ತೀವಿ, ಮಕ್ಕಳಿಗಿ ಕೊಡ್ರಿ" ಎಂದು ಹೇಳಿರಿ. ಹರಿದ ಪುಸ್ತಕ ಓದಿದ ಪುಸ್ತಕ.

ಸುಗ್ಗಿಯ ಮಾತನ್ನೂ ಆಡಲೇಬೇಕು. ತೊಗರಿ ರಾಶಿ, ಕಬ್ಬು ಕಡಿತ ಬಂದಾಗ ನಮ್ಮ ಮಕ್ಕಳ ಹಾಜರಿ ಬೀಳುತ್ತದೆ. ನಾರಾಯಣಖೇಡ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು ಹೋಗುವ ಕುಟುಂಬಗಳೊಡನೆ ಮಕ್ಕಳೂ ಗಾಡಿ ಹತ್ತುತ್ತಾರೆ. ಒಂದನೇ ತರಗತಿಯಲ್ಲಿ ಹೀಗೆ ಕಳೆದ ಮೂರು ತಿಂಗಳು ಐದನೇ ತರಗತಿಯ ಮೂರು ತಿಂಗಳಿಗೆ ಸಮವಲ್ಲ. ಆಗಷ್ಟೇ ಮೊಳೆತ ಅಕ್ಷರ ಬಾಡಿಹೋಗುತ್ತದೆ. ಹೊಟ್ಟೆಪಾಡಿಗೆ ಹೋಗುವವರನ್ನು ಹೋಗಬೇಡಿ ಎನ್ನುವ ಅಧಿಕಾರ ನನಗಿಲ್ಲ. ಕೂಸನ್ನು ಅಜ್ಜ-ಅಜ್ಜಿಯ ಬಳಿ ಬಿಟ್ಟುಹೋಗಲು ಆದರೆ ಬಿಟ್ಟುಹೋಗಿರಿ. ಆಗದಿದ್ದರೆ ಬುತ್ತಿಯೊಡನೆ ಎರಡು ಪುಸ್ತಕ ಇಟ್ಟುಕೊಳ್ಳಿರಿ.

ವ್ಯಾಪಾರಿ ಬಂಧುಗಳಿಗೆ ಒಂದು ಬಿನ್ನಹ. ಜಹೀರಾಬಾದಿನ ಅಡತಿ ಅಂಗಡಿಗಳಿಗೆ, ತಾಂಡೂರಿನ ತೊಗರಿ ಪೇಟೆಗೆ, ಕಲ್ಲಿನ ವ್ಯಾಪಾರಕ್ಕೆ ಎರಡೂ ರಾಜ್ಯದ ಹಳ್ಳಿಯವರು ಬರುತ್ತಾರೆ. ಅಂಗಡಿಯ ಒಂದು ಮೂಲೆಯಲ್ಲಿ ಇಪ್ಪತ್ತು ಚಿತ್ರಪುಸ್ತಕ ಇಡಿರಿ, ಅರ್ಧ ಕನ್ನಡ, ಅರ್ಧ ತೆಲುಗು. ಮಾಲು ತಂದ ರೈತ ಒಂದು ಒಯ್ಯಲಿ, ಮುಂದಿನ ಸಲ ತಂದುಕೊಟ್ಟು ಇನ್ನೊಂದು ಒಯ್ಯಲಿ. ಸಾಲದ ಖಾತೆ ಬರೆಯುವ ನಿಮಗೆ ಪುಸ್ತಕದ ಖಾತೆ ಬರೆಯುವುದು ಭಾರವಲ್ಲ. ದೀಪಾವಳಿ ಲಕ್ಷ್ಮೀಪೂಜೆಗೆ ಹಂಚುವ ಮಿಠಾಯಿಯ ಜೊತೆಗೆ ಗಿರಾಕಿಯ ಕೂಸಿಗೆ ಒಂದು ಪುಸ್ತಕ ಕೊಟ್ಟರೆ ಅದು ಮಿಠಾಯಿಗಿಂತ ಬಹಳ ದಿನ ಬಾಳುತ್ತದೆ.

ಸರ್ಕಾರಗಳಿಗೂ ಹೇಳಬೇಕಾದದ್ದು ಉಂಟು. ಗಡಿಗೆರೆ ಬಿದ್ದ 1956ರಲ್ಲೇ ಸಂವಿಧಾನಕ್ಕೆ 350-ಎ ಕಲಮು ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಮಾಡಿಕೊಡಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ ಅದು. ಎಲ್ಲ ಹಳ್ಳಿಯಲ್ಲೂ ಕನ್ನಡ ಶಾಲೆ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಕನ್ನಡ ಮನೆಮಾತಿನ ಮಕ್ಕಳಿರುವ ಶಾಲೆಗೆ ಕನ್ನಡ ಕತೆ ಪುಸ್ತಕದ ಒಂದು ಪೆಟ್ಟಿಗೆ, ಮೊದಲ ವರ್ಷ ಕೂಸಿನ ಮಾತು ತಿಳಿಯುವ ಒಬ್ಬ ಗುರು, ಇಷ್ಟು ತೆಲಂಗಾಣ ಕೊಡಲಿ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರರಾಜ್ಯದ ಕನ್ನಡಿಗರಿಗೆ ಸಮಾರಂಭದ ಶಾಲಿಗಿಂತ ಮೊದಲು ಒಂದನೇ ತರಗತಿಯ ಚಿತ್ರಪುಸ್ತಕ ಕಳಿಸಲಿ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಶುರುವಾಗಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಬೀದರ, ಚಿಂಚೋಳಿ, ಸೇಡಂ ಕಡೆ ನೆಂಟರಿರುವವರು ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಅಂಥದು ನಮ್ಮ ಕಡೆಯ ಪಂಚಾಯಿತಿಗೂ ಬರಲಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ.

ಸರ್ಕಾರ ಮಾಡುವಾಗ ಮಾಡಲಿ, ಕೂಸು ಅಲ್ಲಿಯತನಕ ಕಾಯುವುದಿಲ್ಲ. ಒಂದನೇ ಕ್ಲಾಸಿನ ವರ್ಷ ಒಂದೇ ಸಲ ಬರುತ್ತದೆ. ಬಿತ್ತನೆ ತಪ್ಪಿದರೆ ಹಿಂಗಾರಿ ಉಂಟು, ಇದಕ್ಕೆ ಹಿಂಗಾರಿ ಇಲ್ಲ ಎಂದಲ್ಲ, ಆದರೆ ಆಮೇಲೆ ಹತ್ತು ಪಟ್ಟು ದುಡಿಯಬೇಕು. ಖರ್ಚಿಲ್ಲದ ಕೆಲಸ ಹದಿನೈದು ನಿಮಿಷದ್ದು. ಇವತ್ತು ರಾತ್ರಿಯೇ ಶುರು ಮಾಡಿರಿ. ಬೇರೆ ಪುಸ್ತಕ ಸಿಗದಿದ್ದರೆ ಈ ಪತ್ರಿಕೆಯನ್ನೇ ಕೂಸಿನ ಮುಂದೆ ಹರಡಿ, ದಪ್ಪ ಅಕ್ಷರದ ಒಂದು ಶಬ್ದ ಹುಡುಕಲು ಹೇಳಿರಿ.